"1500ರ ಇಂಗ್ಲೆಂಡ್" ಸಂದೇಶ ನಿಜಾನಾ? ಅವರು ದಿನಾ ಏನು ತಿನ್ನುತ್ತಿದ್ದರು?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಉದ್ದದ ಸಂದೇಶವೊಂದು ಬಂತು. 1500ರ ಸುಮಾರಿಗೆ ಇಂಗ್ಲೆಂಡಿನ ಜನ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಾತ್ರ ಸ್ನಾನ ಮಾಡುತ್ತಿದ್ದರಂತೆ. ಮೈ ಮತ್ತೆ ನಾರುವ ಮೊದಲೇ ಜೂನ್‌ನಲ್ಲಿ ಮದುವೆ ಮುಗಿಸುತ್ತಿದ್ದರಂತೆ. ಮದುಮಗಳು ಹೂಗೊಂಚಲು ಹಿಡಿಯುವುದು ಆ ನಾತ ಮುಚ್ಚಲಿಕ್ಕಂತೆ. ಹುಲ್ಲಿನ ಮಾಡಿನಲ್ಲಿ ನಾಯಿ ಬೆಕ್ಕು ಮಲಗಿರುತ್ತಿದ್ದವು, ಮಳೆ ಬಂದಾಗ ಜಾರಿ ಬೀಳುತ್ತಿದ್ದವು, ಇಂಗ್ಲಿಷಿನಲ್ಲಿ ಜೋರು ಮಳೆಗೆ "ನಾಯಿ ಬೆಕ್ಕಿನ ಮಳೆ" ಅನ್ನುವುದು ಅದಕ್ಕಂತೆ. ಕೊಳೆತ ಮಾಂಸದ ವಾಸನೆ ಮುಚ್ಚಲು ಕಾಳುಮೆಣಸು ಹಾಕುತ್ತಿದ್ದರಂತೆ. ನೀರು ಕುಡಿದರೆ ಸಾಯುತ್ತಾರೆ ಅಂತ ಮಕ್ಕಳಿಗೂ ಬಿಯರ್ ಕುಡಿಸುತ್ತಿದ್ದರಂತೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದೇ ಸಂದೇಶವನ್ನು ಬರೆದುಕೊಂಡು ಬಂದು "ಇದು ನಿಜಾನಾ ಸರ್?" ಅಂತ ಕೇಳಿದಳು. ಸುಮ್ನೆ ಹೌದು ಅನ್ನಲು ಮನಸ್ಸಾಗಲಿಲ್ಲ. ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಹಳೇಪುಟ

ಮೇಷ್ಟ್ರೇ, ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಈ ಸಂದೇಶಕ್ಕೆ ಕಾಲು ಶತಮಾನದ ವಯಸ್ಸಾಗಿದೆ. 1999ರಲ್ಲಿ ಇಂಗ್ಲಿಷಿನಲ್ಲಿ ಇಮೇಲ್ ಆಗಿ ಓಡಾಡಿತ್ತು. ಈಗ ಕನ್ನಡಕ್ಕೆ ಬಂದಿದೆ. ಬಹುಪಾಲು ಕಟ್ಟುಕತೆ.

ಮೊದಲು ಮದುವೆ. 1538ರಲ್ಲಿ ರಾಜ 8ನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಇಂಗ್ಲೆಂಡಿನ ಪ್ರತಿ ಚರ್ಚು ಮದುವೆ, ನಾಮಕರಣ, ಶವಸಂಸ್ಕಾರ ಬರೆದಿಡಬೇಕಾಯಿತು. ಆ ಪುಸ್ತಕಗಳನ್ನು ಇತಿಹಾಸಕಾರರು ಎಣಿಸಿ ನೋಡಿದ್ದಾರೆ. ಬೆಳೆ ಬೆಳೆಯುವ ಊರುಗಳಲ್ಲಿ ಮದುವೆ ಜಾಸ್ತಿ ಆಗುತ್ತಿದ್ದದ್ದು ಸುಗ್ಗಿ ಮುಗಿದ ಮೇಲೆ, ಅಂದರೆ ಅಕ್ಟೋಬರ್ ಆಸುಪಾಸಿನಲ್ಲಿ. ಕೈಯಲ್ಲಿ ಕಾಸು, ಮನೆಯಲ್ಲಿ ಕಾಳು, ಹೊಲದಲ್ಲಿ ಕೆಲಸ ಇಲ್ಲ. ನಮ್ಮ ಹಳ್ಳಿಗಳಲ್ಲೂ ಲೆಕ್ಕ ಇದೇ ಅಲ್ವಾ? ಕುರಿ ಸಾಕುವ ಕಡೆ, ಮರಿ ಹಾಕುವ ಕೆಲಸ ಮುಗಿದ ಮೇಲೆ ವಸಂತದಲ್ಲಿ ಮದುವೆ.

ಸ್ನಾನದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ತೊಟ್ಟಿ ತುಂಬ ಬಿಸಿನೀರು ಕಾಯಿಸಿ ಮೀಯುವುದು ಬಡವರಿಗೆ ಅಪರೂಪವೇ. ಸೌದೆಗೆ ದುಡ್ಡು ಬೇಕು, ನೀರು ಹೊರಬೇಕು. ಆದರೆ ಮುಖ, ಕೈ ದಿನಾ ತೊಳೆಯುತ್ತಿದ್ದರು. ಮೈಗೆ ಅಂಟಿಕೊಂಡಿರುವ ಲಿನನ್ ಬಟ್ಟೆಯ ಒಳಂಗಿಯನ್ನು ಬದಲಾಯಿಸಿ ಒಗೆಯುತ್ತಿದ್ದರು. ಬೆವರು, ಕೊಳೆ ಆ ಬಟ್ಟೆ ಹೀರುತ್ತದೆ ಅನ್ನುವುದು ಅವರ ನಂಬಿಕೆ. ಲಂಡನ್ನಿನ ಎದುರು ದಡದಲ್ಲಿ, ಸದರ್ಕ್‌ನಲ್ಲಿ, ಸಾರ್ವಜನಿಕ ಸ್ನಾನದ ಮನೆಗಳೂ ಇದ್ದವು. ಅವು ಕ್ರಮೇಣ ವೇಶ್ಯಾಗೃಹಗಳಾದವು ಅಂತ 8ನೇ ಹೆನ್ರಿ 1546ರಲ್ಲಿ ಮುಚ್ಚಿಸಿದ.

ನಾಯಿ ಬೆಕ್ಕಿನ ಮಾತಿಗೆ ಆಧಾರವೇ ಇಲ್ಲ. ಮಾಡಿನ ಹುಲ್ಲನ್ನು ಒತ್ತೊತ್ತಾಗಿ, ಇಳಿಜಾರಾಗಿ ಕಟ್ಟುತ್ತಾರೆ. ಅದರ ಮೇಲೆ ನಾಯಿ ಹತ್ತಿ ಮಲಗುವುದು ಹೇಗೆ?

ಶಿರಸಿ ತೋಟ

ಮೆಣಸಿನ ಮಾತು ಬಂತಲ್ಲ, ನಾನು ಸುಮ್ಮನಿರಲಾರೆ. ನಮ್ಮದು ಅಡಿಕೆ ತೋಟ. ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಏಣಿ ಹಾಕಿ ಕೊಯ್ದು, ಬಿಡಿಸಿ, ಅಂಗಳದಲ್ಲಿ ಒಣಗಿಸಿ, ಗೇರಿ ಚೀಲ ತುಂಬುವಷ್ಟರಲ್ಲಿ ಬೆನ್ನು ಬೀಳುತ್ತದೆ. ಇಲ್ಲೇ ಇಷ್ಟು ಶ್ರಮ ಇರುವಾಗ, ಅರಬ್ಬೀ ಸಮುದ್ರ ದಾಟಿ, ಒಂಟೆ ಮೇಲೆ ಹೋಗಿ, ವೆನಿಸ್ ವ್ಯಾಪಾರಿಗಳ ಕೈ ದಾಟಿ ಲಂಡನ್ ಸೇರುವ ಹೊತ್ತಿಗೆ ಅದರ ಬೆಲೆ ಏನಾಗಿರಬೇಕು? ಅಂಥ ಮೆಣಸನ್ನು ಕೊಳೆತ ಮಾಂಸಕ್ಕೆ ಯಾರು ಸುರಿಯುತ್ತಾರೆ ಹೇಳಿ. ಆ ದುಡ್ಡಿಗೆ ತಾಜಾ ಮಾಂಸವೇ ಸಿಗುತ್ತಿತ್ತು. ಮೆಣಸು ಕೊಳ್ಳುವ ಶಕ್ತಿ ಇದ್ದವನಿಗೆ ಒಳ್ಳೆ ಮಾಂಸ ಕೊಳ್ಳುವ ಶಕ್ತಿಯೂ ಇತ್ತು.

ಇಂಗ್ಲೆಂಡಿನಲ್ಲಿ ಜಮೀನಿನ ಗೇಣಿಯನ್ನೇ ಮೆಣಸಿನ ಲೆಕ್ಕದಲ್ಲಿ ಕೊಡುತ್ತಿದ್ದರು. ವರ್ಷಕ್ಕೆ ಒಂದು ಪೌಂಡ್ ಮೆಣಸು ಅಂತ ಬರೆದ ಪತ್ರಗಳಿವೆ. ಲಂಡನ್ನಿನ ಮೆಣಸಿನ ವ್ಯಾಪಾರಿಗಳ ಸಂಘದ ಹೆಸರು 1180ರಷ್ಟು ಹಿಂದೆಯೇ ದಾಖಲಾಗಿದೆ. ಕೆಟ್ಟ ಮಾಂಸ ಮಾರಿದವನಿಗೆ ಏನು ಶಿಕ್ಷೆ ಗೊತ್ತಾ? 14ನೇ ಶತಮಾನದ ಲಂಡನ್ನಿನಲ್ಲಿ ಅವನ ಕತ್ತು, ಕೈ ಮರದ ಹಲಗೆಗೆ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸುತ್ತಿದ್ದರು. ಆ ಮಾಂಸವನ್ನು ಅವನ ಮೂಗಿನ ಕೆಳಗೇ ಸುಡುತ್ತಿದ್ದರು. ಕೊಳೆತದ್ದನ್ನು ತಿನ್ನುವುದು ಅವರಿಗೂ ಹೇಸಿಗೆಯೇ ಆಗಿತ್ತು.

ಇನ್ನೊಂದು ಮಾತು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆದರು. 16ನೇ ಶತಮಾನದಲ್ಲಿ ಯುರೋಪಿನ ಅಡುಗೆಮನೆಗೆ ಹೋದ ಮೆಣಸಿನಲ್ಲಿ ನಮ್ಮ ಘಟ್ಟದ ಪಾಲೂ ಇತ್ತು. ಅದನ್ನು "ವಾಸನೆ ಮುಚ್ಚುವ ಪುಡಿ" ಅಂತ ಕರೆದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಒಗ್ಗರಣೆ

ಶಿರಸಿ ಅಣ್ಣ, ಓದಿ ಖುಷಿಯಾಯಿತು. ಮೆಣಸು ಸಾಹುಕಾರರ ಪಾಲು ಅಂತಾದರೆ ಬಡವರು ದಿನಾ ಏನು ತಿನ್ನುತ್ತಿದ್ದರು? ಆಲೂಗಡ್ಡೆ, ಟೊಮೇಟೊ ಆಗಿನ್ನೂ ಬಂದಿರಲಿಲ್ಲ ಅಲ್ವಾ?

ಹಳೇಪುಟ

ಅಕ್ಕ, ಇದು ನನಗೆ ತುಂಬ ಇಷ್ಟದ ವಿಷಯ. ಹೌದು, ಅವೆರಡೂ ಅಮೆರಿಕ ಖಂಡದಿಂದ ಬರಬೇಕಿತ್ತು. ನಮ್ಮ ಮಾರ್ಕೆಟ್ಟಿನಲ್ಲಿ "ಇಂಗ್ಲಿಷ್ ತರಕಾರಿ" ಅಂತ ಆಲೂಗಡ್ಡೆಯನ್ನೂ ಸೇರಿಸಿ ಮಾರುತ್ತಾರಲ್ಲ, ಆ ಆಲೂಗಡ್ಡೆ ಇಂಗ್ಲೆಂಡಿಗೂ ಹೊರಗಿನಿಂದ ಬಂದದ್ದೇ.

ಬಡವರ ಊಟ ಅಂದರೆ ಪಾಟೇಜ್. ಒಲೆಯ ಮೇಲೆ ತೂಗಿಬಿಟ್ಟ ಪಾತ್ರೆಯಲ್ಲಿ ಬಾರ್ಲಿ ಅಥವಾ ಓಟ್ಸ್, ಒಣ ಬಟಾಣಿ, ಅವರೆಯಂಥ ಕಾಳು, ಎಲೆಕೋಸು, ಈರುಳ್ಳಿ, ಸೊಪ್ಪು ಹಾಕಿ ಬೇಯಿಸುವುದು. ಇದ್ದರೆ ಒಂದು ತುಂಡು ಉಪ್ಪು ಹಚ್ಚಿದ ಹಂದಿಮಾಂಸ. ಗಟ್ಟಿಯಾದರೆ ಹುಗ್ಗಿ, ತೆಳುವಾದರೆ ಅಂಬಲಿ ಅಂದುಕೊಳ್ಳಿ. ಜೊತೆಗೆ ರೊಟ್ಟಿ. ಬಿಳಿ ಗೋಧಿ ರೊಟ್ಟಿ ಉಳ್ಳವರಿಗೆ. ಬಡವರಿಗೆ ರೈ, ಬಾರ್ಲಿ ಬೆರೆಸಿದ ಕಪ್ಪು ರೊಟ್ಟಿ. ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಇದನ್ನೆಲ್ಲ ಬರೆದಿದ್ದಾನೆ. ಬರ ಬಂದಾಗ ಬಡವರು ಬಟಾಣಿ, ಓಟ್ಸ್, ಓಕ್ ಮರದ ಕಾಯಿ ಕೂಡ ಹಿಟ್ಟಿಗೆ ಬೆರೆಸುತ್ತಿದ್ದರಂತೆ. ತನ್ನ ಊರಿನ ಮುದುಕರು ಹೇಳಿದ ಬದಲಾವಣೆಗಳನ್ನೂ ಅವನು ಬರೆದಿಟ್ಟಿದ್ದಾನೆ. ಮನೆಮನೆಗೂ ಹೊಗೆಗೂಡು ಬಂತು, ಮರದ ದಿಮ್ಮಿಯ ಬದಲು ದಿಂಬು ಬಂತು, ಮರದ ತಟ್ಟೆಯ ಬದಲು ತವರದ ತಟ್ಟೆ ಬಂತು. ಇದನ್ನು ಓದಿದಾಗಲೆಲ್ಲ ನಮ್ಮಜ್ಜ ಗ್ಯಾಸ್ ಒಲೆ ಬಂದ ದಿನವನ್ನು ಹೇಳುತ್ತಿದ್ದದ್ದು ನೆನಪಾಗುತ್ತದೆ.

ಉಪವಾಸದ ದಿನಗಳೂ ಇದ್ದವು. ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮಾಂಸ ಇಲ್ಲ, ಮೀನು ಮಾತ್ರ. ಬಾರ್ನಕಲ್ ಅನ್ನುವ ಒಂದು ಜಾತಿಯ ಬಾತು ಸಮುದ್ರದ ಮರದಿಂದ ಹುಟ್ಟುತ್ತದೆ, ಹಾಗಾಗಿ ಅದು ಮಾಂಸವಲ್ಲ ಅಂತ ಕೆಲವು ಪಾದ್ರಿಗಳು ಉಪವಾಸದಲ್ಲೂ ತಿನ್ನುತ್ತಿದ್ದರು. 12ನೇ ಶತಮಾನದಲ್ಲೇ ಜೆರಾಲ್ಡ್ ಆಫ್ ವೇಲ್ಸ್ ಅನ್ನುವ ಪಾದ್ರಿ ಇದನ್ನು ಟೀಕಿಸಿ ಬರೆದಿದ್ದಾನೆ. ಮುಂದೆ 1563ರಲ್ಲಿ ಎಲಿಜಬೆತ್ ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಬುಧವಾರವನ್ನೂ ಮೀನಿನ ದಿನ ಮಾಡಿದ. ಅದಕ್ಕೂ ದೇವರಿಗೂ ಸಂಬಂಧ ಇರಲಿಲ್ಲ. ಮೀನುಗಾರರು ಉಳಿದರೆ ನೌಕಾಪಡೆಗೆ ಜನ ಸಿಗುತ್ತಾರೆ ಅನ್ನುವುದು ಅವನ ಲೆಕ್ಕ.

ಲೀಡ್ಸ್ ಕನ್ನಡತಿ

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಇಂಗ್ಲೆಂಡಿಗೆ ನರ್ಸ್ ಆಗಿ ಬಂದ ಹೊಸದರಲ್ಲಿ, ಕೆಲಸದ ಜಾಗದ ಊಟದ ಕೋಣೆಯಲ್ಲಿ ಮನೆಯಿಂದ ತಂದ ಚಿತ್ರಾನ್ನವನ್ನು ಕೈಯಲ್ಲಿ ತಿನ್ನುತ್ತಿದ್ದೆ. ಜೊತೆಗಿದ್ದವರೊಬ್ಬರು "ಫೋರ್ಕ್ ತಂದುಕೊಡಲಾ? ಇಲ್ಲಿ ಹೀಗೆ ತಿನ್ನುವುದಿಲ್ಲ" ಅಂದರು. ಅಂದು ಡಬ್ಬಿ ಮುಚ್ಚಿಟ್ಟೆ. ಎರಡು ವರ್ಷ ಅಲ್ಲಿ ಕೈಯಲ್ಲಿ ತಿನ್ನಲೇ ಇಲ್ಲ. ಇವರ ಪೂರ್ವಿಕರು ಹೇಗೆ ತಿನ್ನುತ್ತಿದ್ದರು ಹಳೇಪುಟ ಅವರೇ?

ಹಳೇಪುಟ

ಕೈಯಲ್ಲೇ, ತಂಗಿ. ಶತಮಾನಗಟ್ಟಲೆ. ರಾಜನೂ ಸೇರಿ ಎಲ್ಲರೂ ಚಾಕು, ಚಮಚ, ಬೆರಳುಗಳಲ್ಲಿ ತಿನ್ನುತ್ತಿದ್ದರು. ಚಾಕು ಅವರವರದೇ, ಸೊಂಟದಲ್ಲಿ ಇರುತ್ತಿತ್ತು. ದೊಡ್ಡ ಮನೆಗಳಲ್ಲಿ ಊಟಕ್ಕೆ ಮುಂಚೆ ಆಳು ತಂಬಿಗೆ, ಬೋಗುಣಿ, ಟವೆಲ್ ಹಿಡಿದು ಬಂದು ಎಲ್ಲರ ಕೈಗೆ ನೀರು ಹಾಕುತ್ತಿದ್ದ. ಊಟ ಆದ ಮೇಲೆ ಮತ್ತೆ ನೀರು. ನಮ್ಮ ಮದುವೆಮನೆಗಳಲ್ಲಿ ಕೈಗೆ ನೀರು ಕೊಡುತ್ತಿದ್ದ ಹಾಗೇ. ತಟ್ಟೆಯ ಜಾಗದಲ್ಲಿ ಹಳೇ ರೊಟ್ಟಿಯ ದಪ್ಪ ಹೋಳು. ಅದರ ಮೇಲೇ ಬಡಿಸುವುದು. ಊಟ ಆದ ಮೇಲೆ ಸಾರು ಹೀರಿದ ಆ ರೊಟ್ಟಿ ಬಾಗಿಲ ಬಳಿಯ ಬಡವರಿಗೆ ಹೋಗುತ್ತಿತ್ತು.

ಫೋರ್ಕ್ ಬಂದದ್ದು ಇಟಲಿಯಿಂದ. ಥಾಮಸ್ ಕೊರ್ಯಾಟ್ ಅನ್ನುವ ಇಂಗ್ಲಿಷ್ ಪ್ರವಾಸಿ 1608ರಲ್ಲಿ ಇಟಲಿಗೆ ಹೋಗಿ ಅದನ್ನು ನೋಡಿದ. 1611ರಲ್ಲಿ ಆ ಬಗ್ಗೆ ಬರೆದ. ತಾನೂ ಫೋರ್ಕಿನಲ್ಲಿ ತಿನ್ನತೊಡಗಿದ್ದಕ್ಕೆ ಗೆಳೆಯರು ಅವನಿಗೆ ಅಡ್ಡಹೆಸರಿಟ್ಟು ಗೇಲಿ ಮಾಡಿದರು. ಅಂದರೆ ಆ ದೇಶದಲ್ಲಿ ಮೊದಲು ಅವಮಾನ ಆದದ್ದು ಫೋರ್ಕ್ ಹಿಡಿದವನಿಗೆ. ಇದೇ ಕೊರ್ಯಾಟ್ ಮುಂದೆ ಬಹುಪಾಲು ನಡೆದುಕೊಂಡೇ ಭಾರತಕ್ಕೆ ಬಂದ. ಅಜ್ಮೀರದಲ್ಲಿ ಜಹಾಂಗೀರನ ಆಸ್ಥಾನ ನೋಡಿದ. 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ. ನೀವು ನಿಶ್ಚಿಂತೆಯಿಂದ ಡಬ್ಬಿ ತೆಗೆಯಿರಿ.

ಲೀಡ್ಸ್ ಕನ್ನಡತಿ

ಕಣ್ಣು ತುಂಬಿ ಬಂತು. ಧನ್ಯವಾದ.

ದಾವಣಗೆರೆ ಬೇಕರಿ

ಬಿಯರ್ ವಿಷಯ ಯಾರೂ ಮುಟ್ಟಲಿಲ್ಲ. ನನಗೆ ಅದು ನಿಜ ಅನ್ನಿಸುತ್ತದೆ. ಲಂಡನ್ನಿನಲ್ಲಿ ಕಾಲರಾ ಬಂದಾಗ ಬಿಯರ್ ಕುಡಿದವರು ಬದುಕಿದರು ಅಂತ ಓದಿದ್ದೇನೆ.

ಹಳೇಪುಟ

ನೀವು ಓದಿದ್ದು ಸರಿ. ಆದರೆ ಅದು 1854ರ ಮಾತು. ಲಂಡನ್ನಿನ ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟ್‌ನ ಒಂದು ಪಂಪಿನ ನೀರಿನಿಂದ 600ಕ್ಕೂ ಜಾಸ್ತಿ ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಮನೆಮನೆಗೆ ಹೋಗಿ ಲೆಕ್ಕ ಹಾಕಿದ. ಅದೇ ಬೀದಿಯ ಬಿಯರ್ ಕಾರ್ಖಾನೆಯ ಸುಮಾರು 70 ಕೆಲಸಗಾರರಲ್ಲಿ ಯಾರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಕಾರ್ಖಾನೆಯೊಳಗೇ ಬೇರೆ ಬಾವಿಯೂ ಇತ್ತು.

ಅದಕ್ಕಿಂತ 600 ವರ್ಷ ಹಿಂದಿನ ಕತೆ ಬೇರೆ. 1245ರ ಸುಮಾರಿಗೆ ಲಂಡನ್ನಿನವರು ಟೈಬರ್ನ್ ಹತ್ತಿರದ ಒರತೆಯಿಂದ ಸೀಸದ ಕೊಳವೆ ಹಾಕಿ ಚೀಪ್‌ಸೈಡ್‌ವರೆಗೆ ನೀರು ತಂದರು. ಅದಕ್ಕೆ ಗ್ರೇಟ್ ಕಾಂಡ್ಯೂಟ್ ಅಂತ ಹೆಸರು. ಕುಡಿಯಲು ಯೋಗ್ಯವಲ್ಲದ ನೀರಿಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಮನೆಗೆ ಒಯ್ಯುವ ನೀರಿಗೆ ಕಾಸಿಲ್ಲ. ಏಲ್ ಅನ್ನುವ ಹಳೇ ಕಾಲದ ಬಿಯರ್ ಮಾಡುವವರು ಆ ನೀರನ್ನು ಜಾಸ್ತಿ ಬಳಸಿ ಊರಿಗೆ ಸಾಲದಂತೆ ಮಾಡುತ್ತಾರೆ ಅಂತ ದೂರುಗಳೇ ಇವೆ. ಹಳ್ಳಿಯವರಿಗೆ ಬಾವಿ, ಒರತೆ, ಹೊಳೆ ಇದ್ದೇ ಇತ್ತು.

ಏಲ್ ಅಂತೂ ಎಲ್ಲರೂ ಕುಡಿಯುತ್ತಿದ್ದರು, ಅದು ನಿಜ. ಬಾರ್ಲಿ ಮೊಳಕೆ ಬರಿಸಿ ಮಾಡುವ ಅದು ಅವರಿಗೆ ಆಹಾರವೇ ಆಗಿತ್ತು. ಹೊಲದಲ್ಲಿ ದುಡಿಯುವವನಿಗೆ ಅದರಿಂದ ಶಕ್ತಿ. ಮಕ್ಕಳಿಗೆ ತೀರ ತೆಳು ಮಾಡಿ ಕೊಡುತ್ತಿದ್ದರು. ನಮ್ಮಲ್ಲಿ ರಾಗಿ ಅಂಬಲಿ ಕುಡಿದು ಹೊಲಕ್ಕೆ ಹೋಗುವುದು ನೀರಿನ ಭಯಕ್ಕಲ್ಲವಲ್ಲ. ಕೆಡದಂತೆ ಹಾಪ್ಸ್ ಅನ್ನುವ ಕಹಿ ಹೂವು ಹಾಕುವ ರೂಢಿ 15ನೇ ಶತಮಾನದವರೆಗೆ ಅಪರೂಪ, ಹಾಗಾಗಿ ಏಲ್ ಕೆಲವೇ ದಿನಕ್ಕೆ ಹುಳಿಯುತ್ತಿತ್ತು. ಹೆಂಗಸರು ಮನೆಯಲ್ಲೇ ಮತ್ತೆ ಮತ್ತೆ ಮಾಡುತ್ತಿದ್ದರು. ಮಿಕ್ಕದ್ದನ್ನು ಅಕ್ಕಪಕ್ಕದವರಿಗೆ ಮಾರುತ್ತಿದ್ದರು.

ದಾವಣಗೆರೆ ಬೇಕರಿ

ಒಪ್ಪಿದೆ. ಎರಡು ಕಾಲವನ್ನು ಕಲಸಿಬಿಟ್ಟಿದ್ದೆ. ಈಗ ನನ್ನ ಕಸುಬಿನ ಮಾತು ಹೇಳುತ್ತೇನೆ.

ಇಂಗ್ಲಿಷಿನಲ್ಲಿ "ಬೇಕರ್ ಡಜನ್" ಅಂದರೆ 13. 13ನೇ ಶತಮಾನದಿಂದಲೇ ಅಲ್ಲಿ ರೊಟ್ಟಿಗೆ ಕಾನೂನು ಇತ್ತು. ಬೆಲೆ ಹಾಗೇ ಇರುತ್ತಿತ್ತು, ಗೋಧಿ ದುಬಾರಿಯಾದರೆ ರೊಟ್ಟಿಯ ತೂಕ ಇಳಿಯುತ್ತಿತ್ತು. ನಿಗದಿಗಿಂತ ತೂಕ ಕಡಿಮೆ ಇದ್ದರೆ ದಂಡ, ಇಲ್ಲವೇ ಬೀದಿಯಲ್ಲಿ ಹಲಗೆಗೆ ಸಿಕ್ಕಿಸುವ ಶಿಕ್ಷೆ. ಕೈಯಲ್ಲಿ ಕಟ್ಟಿದ ಹಿಟ್ಟು ಒಂದೇ ತೂಕ ಬರುವುದಿಲ್ಲ, ಒಲೆಯಲ್ಲಿ ಎಷ್ಟು ತೇವ ಹೋಗುತ್ತದೋ ಗೊತ್ತಾಗುವುದಿಲ್ಲ. 22 ವರ್ಷದಿಂದ ಬೇಕರಿ ನಡೆಸುವ ನನಗೆ ಆ ಭಯ ಅರ್ಥವಾಗುತ್ತದೆ. ಅದಕ್ಕೇ ಒಂದು ಹೆಚ್ಚು ಕೊಡುತ್ತಿದ್ದರು. ಮನೆಮನೆಗೆ ಹೊತ್ತು ಮಾರುವ ಹೆಂಗಸರಿಗೆ ಆ 13ನೆಯದೇ ಲಾಭ.

ಬಡವರ ಮನೆಯಲ್ಲಿ ಓವನ್ ಇರಲಿಲ್ಲ. 19ನೇ ಶತಮಾನದಲ್ಲೂ ಭಾನುವಾರ ಮಾಂಸದ ತಟ್ಟೆ ತಂದು ಬೇಕರಿ ಒಲೆಯಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ರೊಟ್ಟಿ ತೆಗೆದ ಮೇಲೆ ಉಳಿದ ಕಾವು ಅದಕ್ಕೆ ಸಾಕು.

ಆದರೆ ಕಲಬೆರಕೆ ಅಲ್ಲಿ ನಿಜಕ್ಕೂ ಇತ್ತು. ಹಿಟ್ಟು ಬೆಳ್ಳಗೆ ಕಾಣಲಿ ಅಂತ ಪಟಿಕದ ಪುಡಿ ಹಾಕುತ್ತಿದ್ದರು. 1820ರಲ್ಲಿ ಫ್ರೆಡ್ರಿಕ್ ಆಕಮ್ ಅನ್ನುವ ರಸಾಯನ ತಜ್ಞ ಇದನ್ನು ಬಯಲು ಮಾಡಿದ. 1858ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಘೋರವೇ ನಡೆಯಿತು. ಸಕ್ಕರೆ ದುಬಾರಿ ಅಂತ ಪೆಪ್ಪರ್‌ಮೆಂಟಿಗೆ ಜಿಪ್ಸಂ ಪುಡಿ ಬೆರೆಸುವ ರೂಢಿ. ಆವತ್ತು ಅಂಗಡಿಯಲ್ಲಿ ತಪ್ಪಿ ಆರ್ಸೆನಿಕ್ ಕೊಟ್ಟರು. ಸುಮಾರು 20 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. 200ರಷ್ಟು ಜನ ಹಾಸಿಗೆ ಹಿಡಿದರು. 1860ರಲ್ಲಿ ಒಂದು, 1875ರಲ್ಲಿ ಇನ್ನೂ ಬಿಗಿಯಾದ ಒಂದು ಆಹಾರ ಕಾಯ್ದೆ ಬಂತು. ಮೆಣಸು ಹಾಕಿ ಕೊಳೆತದ್ದನ್ನು ಮುಚ್ಚಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಈ ಮಕ್ಕಳ ಕತೆಯನ್ನು ಯಾರೂ ಹೇಳುವುದಿಲ್ಲ. ಮೇಷ್ಟ್ರೇ, ಇದನ್ನು ಕ್ಲಾಸಿನಲ್ಲಿ ಹೇಳಿ.

ಒಗ್ಗರಣೆ

ಓದಿ ಹೊಟ್ಟೆ ಚುರುಕ್ ಅಂದಿತು. ಟೀ ಬಗ್ಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ 1662ರಲ್ಲಿ ಇಂಗ್ಲೆಂಡಿನ ರಾಜ 2ನೇ ಚಾರ್ಲ್ಸ್‌ನನ್ನು ಮದುವೆಯಾಗಿ ಟೀ ತಂದಳು ಅನ್ನುತ್ತಾರೆ. ಆದರೆ ಲಂಡನ್ನಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಸೆಪ್ಟೆಂಬರ್ 1660ರಲ್ಲೇ ಮೊದಲ ಸಲ ಟೀ ಕುಡಿದದ್ದನ್ನು ಡೈರಿಯಲ್ಲಿ ಬರೆದಿದ್ದಾನೆ. ರಾಣಿಯಿಂದ ಅರಮನೆಯಲ್ಲಿ ಟೀ ರೂಢಿಗೆ ಬಂತು, ಅಷ್ಟೇ. ಟೀಗಿಂತ ಮೊದಲು ಲಂಡನ್ ಹಿಡಿದದ್ದು ನಮ್ಮ ಕಾಫಿ. 1652ರಲ್ಲೇ ಪಾಸ್ಕ್ವಾ ರೋಸೆ ಅನ್ನುವವನು ಅಲ್ಲಿ ಕಾಫಿ ಅಂಗಡಿ ತೆರೆದಿದ್ದ. ಟೀ ಬಡವರ ಮನೆಗೆ ಸಲೀಸಾಗಿ ಬಂದದ್ದು 1784ರಲ್ಲಿ ತೆರಿಗೆ ಶೇ 119ರಿಂದ ಶೇ 12.5ಕ್ಕೆ ಇಳಿದ ಮೇಲೆ. ಅಲ್ಲಿಯವರೆಗೆ ಕಳ್ಳಸಾಗಣೆಯ ಟೀ ಬಹಳ.

ಇನ್ನು ವೂಸ್ಟರ್ ಸಾಸ್ ಅನ್ನುವ ಇಂಗ್ಲೆಂಡಿನ ಹುಳಿ ಸಾಸ್. ಬಂಗಾಳದ ಗವರ್ನರ್ ಆಗಿದ್ದ ಲಾರ್ಡ್ ಸ್ಯಾಂಡಿಸ್ ಭಾರತದಿಂದ ಆ ಪಾಕ ತಂದ ಅಂತ ಕತೆ. ಆ ಹೆಸರಿನ ಗವರ್ನರ್ ಬಂಗಾಳದಲ್ಲಿ ಇರಲೇ ಇಲ್ಲ! ಆದರೆ ನಮ್ಮ ಅಡುಗೆ ಅಲ್ಲಿಗೆ ಹೋದದ್ದು ಸುಳ್ಳಲ್ಲ. 1747ರ ಹ್ಯಾನಾ ಗ್ಲಾಸ್ ಅಡುಗೆ ಪುಸ್ತಕದಲ್ಲೇ "ಇಂಡಿಯಾ ರೀತಿಯ ಕರಿ" ಇದೆ. ಮೆಣಸಿನಕಾಳು, ಕೊತ್ತಂಬರಿ ಬೀಜ ಹುರಿದು ಹಾಕುವುದು.

ಲೀಡ್ಸ್ ಕನ್ನಡತಿ

ಅಕ್ಕ, "ಹೈ ಟೀ" ವಿಷಯ ಸೇರಿಸುತ್ತೇನೆ. ಬೆಂಗಳೂರಿನ ಹೋಟೆಲುಗಳಲ್ಲಿ ಅದನ್ನು ಶ್ರೀಮಂತರ ಸಂಜೆ ತಿಂಡಿ ಅನ್ನುವಂತೆ ಮಾರುತ್ತಾರೆ. ಮೂರಂತಸ್ತಿನ ತಟ್ಟೆಯ ಆ ತಿಂಡಿಗೆ ಇಲ್ಲಿ "ಆಫ್ಟರ್‌ನೂನ್ ಟೀ" ಅನ್ನುತ್ತಾರೆ. ಬೆಡ್‌ಫರ್ಡ್‌ನ ಡಚೆಸ್ ಆನಾ 1840ರ ಸುಮಾರಿಗೆ ಅದನ್ನು ಶುರು ಮಾಡಿದಳು ಅನ್ನುತ್ತಾರೆ. ಹೈ ಟೀ ಅಂದರೆ ಗಿರಣಿ, ಗಣಿ ಕೆಲಸ ಮುಗಿಸಿ ಬಂದವರ ಸಂಜೆಯ ಗಟ್ಟಿ ಊಟ. ನಮ್ಮ ಯಾರ್ಕ್‌ಷೈರ್ ಸೀಮೆಯ ಹಳಬರು ಈಗಲೂ ರಾತ್ರಿ ಊಟಕ್ಕೆ "ಟೀ" ಅಂತಲೇ ಹೇಳುತ್ತಾರೆ. "ಟೀ ಆಯ್ತಾ?" ಅಂತ ನೆರೆಮನೆಯ ಅಜ್ಜಿ ಕೇಳಿದರೆ ಊಟ ಆಯ್ತಾ ಅಂತ ಅರ್ಥ.

ಆ ಅಜ್ಜಿ ರೇಷನ್ ಕಾಲದಲ್ಲಿ ಬೆಳೆದವರು. 1940ರ ಜನವರಿ 8ಕ್ಕೆ ಬೆಣ್ಣೆ, ಸಕ್ಕರೆ, ಬೇಕನ್ ಅನ್ನುವ ಉಪ್ಪು ಹಚ್ಚಿದ ಹಂದಿಮಾಂಸಕ್ಕೆ ರೇಷನ್ ಶುರುವಾಯಿತು. ಪೂರ್ತಿ ಮುಗಿದದ್ದು 1954ರ ಜುಲೈ 4ಕ್ಕೆ. ಯುದ್ಧ ಮುಗಿದು ಒಂಬತ್ತು ವರ್ಷದ ಮೇಲೆ! ಯುದ್ಧದ ಕಾಲದಲ್ಲಿ ರೊಟ್ಟಿಗೆ ರೇಷನ್ ಇರಲಿಲ್ಲ. ಅದು ಬಂದದ್ದು ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ. ಟೀಪುಡಿ ಶುರುವಿನಲ್ಲಿ ದೊಡ್ಡವರಿಗೆ ವಾರಕ್ಕೆ 57 ಗ್ರಾಂ ಮಾತ್ರ. ಅಜ್ಜಿ ಒಂದು ಟೀ ಎಲೆಯನ್ನೂ ಇವತ್ತಿಗೂ ಚೆಲ್ಲುವುದಿಲ್ಲ.

ಕ್ಯಾರೆಟ್ ತಿಂದರೆ ಕತ್ತಲಲ್ಲಿ ಕಣ್ಣು ಕಾಣುತ್ತದೆ ಅಂತ ನಮ್ಮಮ್ಮ ಕೂಡ ಹೇಳುತ್ತಿದ್ದರು. ಆ ಮಾತು ಲೋಕದ ತುಂಬ ಹಬ್ಬಿದ್ದು ಇಲ್ಲಿಂದ. ಜಾನ್ ಕನಿಂಗ್‌ಹ್ಯಾಮ್ ಅನ್ನುವ ಪೈಲಟ್ ರಾತ್ರಿಯಲ್ಲಿ ಜರ್ಮನ್ ವಿಮಾನಗಳನ್ನು ಹೊಡೆದುರುಳಿಸುತ್ತಿದ್ದ. ವಿಮಾನದೊಳಗೆ ಇಟ್ಟ ರೇಡಾರ್ ಅದಕ್ಕೆ ಕಾರಣ. ಅದು ಗುಟ್ಟು. ಹಾಗಾಗಿ ಕ್ಯಾರೆಟ್ ತಿಂದು ಅವನ ಕಣ್ಣು ಚುರುಕಾಗಿದೆ ಅಂತ ಸುದ್ದಿ ಬಿಟ್ಟರು. ಊರಲ್ಲಿ ಕ್ಯಾರೆಟ್ ಧಾರಾಳವಾಗಿತ್ತು, ಸಕ್ಕರೆ ಇರಲಿಲ್ಲ. ಜನ ಕ್ಯಾರೆಟ್ ತಿನ್ನಲಿ ಅನ್ನುವುದು ಆಹಾರ ಇಲಾಖೆಗೂ ಬೇಕಿತ್ತು. ಜರ್ಮನರು ನಂಬಿದರು ಅನ್ನುವುದಕ್ಕೆ ಮಾತ್ರ ಪುರಾವೆ ಇಲ್ಲ. ವಿಟಮಿನ್ ಎ ಕೊರತೆಯಿಂದ ಇರುಳುಗುರುಡು ಬರುವುದು ನಿಜ, ಕ್ಯಾರೆಟ್ ಅದನ್ನು ತಡೆಯುತ್ತದೆ. ಚೆನ್ನಾಗಿರುವ ಕಣ್ಣಿಗೆ ಹೊಸ ಶಕ್ತಿ ಕೊಡುವುದಿಲ್ಲ. ಮಕ್ಕಳಿಗೆ ತಿನ್ನಿಸಿ, ಕಾರಣ ಸರಿಯಾಗಿ ಹೇಳಿ.

ಹಾಸನದ ಮೇಷ್ಟ್ರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಇದನ್ನೆಲ್ಲ ಕ್ಲಾಸಿನಲ್ಲಿ ಓದಿ ಹೇಳಿದೆ. ಪಾಟೇಜ್ ಅಂದಾಗ ಹಿಂದಿನ ಬೆಂಚಿನ ಹುಡುಗ "ನಮ್ಮಜ್ಜಿ ಮಾಡೋ ಹುರುಳಿಕಾಳಿನ ಗಂಜಿ ಥರಾನಾ ಸರ್?" ಅಂದ. ಹೌದಪ್ಪ ಅಂದೆ.

ಅದೇ ಹುಡುಗಿ ಇನ್ನೊಂದು ಪ್ರಶ್ನೆ ತಂದಿದ್ದಾಳೆ. ಆಗ ಅಲ್ಲಿ ಹೆಣ್ಣುಮಕ್ಕಳಿಗೆ 12, 13ಕ್ಕೇ ಮದುವೆ ಆಗುತ್ತಿತ್ತಾ? ಎಲ್ಲರೂ 35ಕ್ಕೇ ಮುದುಕರಾಗಿ ಸಾಯುತ್ತಿದ್ದರಾ? ಮತ್ತೆ ನಮ್ಮ ಅತ್ತೆ ಗುಂಪಿನಲ್ಲಿ ಪಟ್ಟು ಹಿಡಿದಿದ್ದಾರೆ. ನಾತಕ್ಕಲ್ಲದಿದ್ದರೆ ಮದುಮಗಳಿಗೆ ಹೂವು ಯಾಕೆ ಅಂತ.

ಹಳೇಪುಟ

ರಾಜಮನೆತನಗಳಲ್ಲಿ ಎಳೆಯರ ಮದುವೆ ಆಗಿದ್ದುಂಟು. ಸಾಮಾನ್ಯರಲ್ಲಿ ಹಾಗಿರಲಿಲ್ಲ. ಚರ್ಚಿನ ಪುಸ್ತಕಗಳ ಪ್ರಕಾರ 1600ರ ದಶಕಗಳಲ್ಲಿ ಹೆಣ್ಣಿನ ಮೊದಲ ಮದುವೆಯ ಸರಾಸರಿ ವಯಸ್ಸು 25, 26. ಗಂಡಿನದು 27, 28. ಹದಿಹರೆಯದಲ್ಲಿ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದು, ಸಂಬಳ ಕೂಡಿಟ್ಟು, ಸ್ವಂತ ಮನೆ ಮಾಡುವ ಶಕ್ತಿ ಬಂದ ಮೇಲೆ ಮದುವೆ. ಆ ಹುಡುಗಿಗೆ ಇದನ್ನು ಖಂಡಿತ ಹೇಳಿ.

35 ಅನ್ನುವುದು ಹುಟ್ಟಿದವರೆಲ್ಲರ ಸರಾಸರಿ. ಹಸುಗೂಸುಗಳು ಬಹಳ ಸಾಯುತ್ತಿದ್ದವು, ಅದು ಸರಾಸರಿಯನ್ನು ಎಳೆದುಹಾಕುತ್ತದೆ. ಬಾಲ್ಯ ದಾಟಿ ಬೆಳೆದವರಲ್ಲಿ 60 ಕಂಡವರು ಎಷ್ಟೋ ಜನ.

ಹೂವಿನ ವಿಷಯ. ನಮ್ಮ ಮದುಮಗಳು ಮಲ್ಲಿಗೆ ಮುಡಿಯುವುದು ಯಾಕೆ ಅಂತ ಅತ್ತೆಯನ್ನೇ ಕೇಳಿ ನೋಡಿ. ಟ್ಯೂಡರ್, ಅಂದರೆ 8ನೇ ಹೆನ್ರಿಯ ಮನೆತನ ಆಳಿದ ಕಾಲದ ಮದುವೆಗಳಲ್ಲಿ ರೋಸ್‌ಮೆರಿ ಅನ್ನುವ ಘಮದ ಗಿಡದ ಕಡ್ಡಿಗಳನ್ನು ಮುಡಿಯುತ್ತಿದ್ದರು, ನೆಂಟರಿಗೂ ಹಂಚುತ್ತಿದ್ದರು. ಅದು ನೆನಪಿನ, ನಿಷ್ಠೆಯ ಗುರುತು. 1540ರಲ್ಲಿ 8ನೇ ಹೆನ್ರಿಯನ್ನು ಮದುವೆಯಾದ ಆನ್ ಆಫ್ ಕ್ಲೀವ್ಸ್ ತಲೆಯ ಮೇಲೆ ಚಿನ್ನದ ಕಿರೀಟ ಇತ್ತು, ಅದರ ತುಂಬ ರೋಸ್‌ಮೆರಿ ಕಡ್ಡಿ ಸಿಕ್ಕಿಸಿದ್ದರು. ಜೂನ್ ಮದುವೆಯ ಮಾತನ್ನು ಅತ್ತೆ ಮತ್ತೆ ಎತ್ತಿದರೆ ಇದನ್ನೂ ಹೇಳಿ. ಆ ಮದುವೆ ನಡೆದದ್ದು ಕೊರೆಯುವ ಚಳಿಯಲ್ಲಿ, ಜನವರಿ 6ರಂದು.